ಮೊದಲು ನೆರಳು, ಆಮೇಲೆ ಫ್ಯಾನು

ಶಿವರಾತ್ರಿ ಕಳೆದು ಯುಗಾದಿ ಸಮೀಪಿಸುತ್ತಿದ್ದಂತೆ ನಮ್ಮ ಹಳ್ಳಿಗಳ ಹಾಲಿನ ಡೇರಿಗಳಲ್ಲಿ ವರ್ಷವರ್ಷವೂ ಕೇಳಿಬರುವ ಮಾತು ಒಂದೇ: ‘ಹಾಲು ಇಳಿಯಿತು’. ಮೇವು ಅದೇ, ಹಿಂಡಿ ಅದೇ, ಹಸುವೂ ಅದೇ. ಆದರೂ ಹೊತ್ತಿಗೆ ಆರು ಲೀಟರು ಕೊಡುತ್ತಿದ್ದ ಹಸು ಐದಕ್ಕೆ ಬರುತ್ತದೆ, ನಾಲ್ಕೂವರೆಗೆ ಬರುತ್ತದೆ. ಎರಡು ಮೂರು ಹಸು ಕಟ್ಟಿಕೊಂಡು ಬದುಕುವ ಮನೆಗೆ ಹಾಲಿನ ಬಟವಾಡೆಯೇ ಸಂತೆಯ ದುಡ್ಡು, ಮಕ್ಕಳ ಫೀಜು, ಸಂಘದ ಸಾಲದ ಕಂತು. ಅಲ್ಲಿ ಒಂದು ಲೀಟರು ಇಳಿದರೂ ಅದು ಸಣ್ಣ ಮಾತಲ್ಲ.

ಇಳಿದ ಹಾಲನ್ನು ಮೇಲೆತ್ತಲು ರೈತ ಬಾಂಧವರು ಈಗ ಫ್ಯಾನು, ನೀರು ಸಿಂಪಡಿಸುವ ನಳಿಗೆ, ಹಾಲು ಕರೆಯುವ ಯಂತ್ರ, ಸೋಲಾರ್ ಫಲಕ ಎಂದು ಒಂದೊಂದಾಗಿ ಕೊಳ್ಳುತ್ತಿದ್ದಾರೆ. ಬಹಳಷ್ಟು ಕಡೆ ಸಾಲ ಮಾಡಿಯೇ ಕೊಳ್ಳುತ್ತಿದ್ದಾರೆ. ಇವು ಬೇಡವೆಂದು ನಾವು ಹೇಳುವುದಿಲ್ಲ. ಆದರೆ ಕೊಳ್ಳುವ ಕ್ರಮ ತಲೆಕೆಳಗಾಗಿದೆ. ಕಾದ ತಗಡಿನ ಕೆಳಗೆ ಹಸುವನ್ನು ಕಟ್ಟಿ, ಆ ಕಾವನ್ನು ಓಡಿಸಲು ಫ್ಯಾನು ಹಾಕಿ, ಆ ಫ್ಯಾನು ತಿರುಗಿಸಲು ಫಲಕ ಕೊಳ್ಳುವುದು ತೂತು ಗಡಿಗೆಗೆ ನೀರು ಹೊತ್ತಂತೆ. ಮೊದಲು ತೂತು ಮುಚ್ಚಬೇಕು. ಕೊಟ್ಟಿಗೆಯ ಮಾಡು ಮತ್ತು ಗಾಳಿ ಮೊದಲು. ಕರೆಂಟಿನ ಮಿತವ್ಯಯ ಎರಡನೆಯದು. ಮನೆಯಲ್ಲೇ ಬೀಳುವ ಸಗಣಿ ಮೂರನೆಯದು. ಬಿಸಿಲಿನ ಕರೆಂಟು ಕೊನೆಯದು. ಈ ಕ್ರಮದಲ್ಲಿ ನಡೆದರೆ ಖರ್ಚು ಕಡಿಮೆ, ಫಲ ಹೆಚ್ಚು ಎಂಬುದೇ ಈ ವಾರ ನಾವು ಹೇಳಬೇಕೆಂದಿರುವ ಮಾತು.

ಹಸು ಬದಲಾಯಿತು, ಮಾಡೂ ಬದಲಾಯಿತು

ಕರ್ನಾಟಕದಲ್ಲಿ 1974ರಲ್ಲಿ ವಿಶ್ವಬ್ಯಾಂಕಿನ ನೆರವಿನ ಹೈನು ಅಭಿವೃದ್ಧಿ ಯೋಜನೆ ಆರಂಭವಾದ ಮೇಲೆ ಹಳ್ಳಿಹಳ್ಳಿಗೂ ಹಾಲು ಉತ್ಪಾದಕರ ಸಂಘಗಳು ಬಂದವು. 1984ರಲ್ಲಿ ಹಾಲು ಮಹಾಮಂಡಲ ರೂಪುಗೊಂಡಿತು. ಇದರ ಜೊತೆಯಲ್ಲೇ ಮಿಶ್ರತಳಿಯ ಹಸುಗಳು, ಅಂದರೆ ನಮ್ಮ ಜನ ‘ಸೀಮೆ ಹಸು’ ಎಂದು ಕರೆಯುವ ಹಸುಗಳು, ಮನೆಮನೆಗೆ ಬಂದವು. ಹಳ್ಳಿಕಾರ್, ಅಮೃತಮಹಲ್ ತಳಿಗಳು ಬಿಸಿಲಿಗೆ ಹುಟ್ಟಿದ ದನಗಳು. ಹೋಲ್‌ಸ್ಟೀನ್ ರಕ್ತದ ಹಸು ತಣ್ಣನೆಯ ನಾಡಿನದು. ಗಾಳಿಯ ಉಷ್ಣತೆ 25ರಿಂದ 27 ಡಿಗ್ರಿ ದಾಟಿದರೆ ಅದಕ್ಕೆ ಕಷ್ಟ ಶುರು. ನಮ್ಮ ಬಯಲುಸೀಮೆಯಲ್ಲಿ ಮಾರ್ಚಿಯಿಂದ ಮೇ ತಿಂಗಳವರೆಗೆ ಹಗಲೆಲ್ಲ ಅದಕ್ಕಿಂತ ಹೆಚ್ಚಿನ ಕಾವು ಇದ್ದೇ ಇರುತ್ತದೆ.

ಹಸುವೇ ಒಂದು ಒಲೆ ಎಂಬುದನ್ನು ನೆನಪಿಡಬೇಕು. ತಿಂದ ಮೇವು ಹೊಟ್ಟೆಯಲ್ಲಿ ಹುದುಗುವಾಗ, ಅದು ಹಾಲಾಗುವಾಗ ಮೈಯಲ್ಲಿ ಕಾವು ಹುಟ್ಟುತ್ತದೆ. ಚೆನ್ನಾಗಿ ಹಾಲು ಕೊಡುವ ದೊಡ್ಡ ಹಸುವಿನ ಮೈಯಿಂದ ಹೊರಬೀಳುವ ಶಾಖ ಸುಮಾರು ಒಂದು ಕಿಲೋವ್ಯಾಟಿನ ವಿದ್ಯುತ್ ಒಲೆ ಉರಿದಷ್ಟು. ಹೆಚ್ಚು ಹಾಲಿನ ಹಸುವಿಗೇ ಸೆಕೆಯೂ ಹೆಚ್ಚು. ಕಾವು ಹೊರಹೋಗಲು ದಾರಿ ಇಲ್ಲದಾಗ ಹಸು ಮೊದಲು ಮೇವು ಕಡಿಮೆ ಮಾಡುತ್ತದೆ, ನಿಂತೇ ಇರುತ್ತದೆ, ಏದುಸಿರು ಬಿಡುತ್ತದೆ, ಜೊಲ್ಲು ಸುರಿಸುತ್ತದೆ. ಹಾಲು ಇಳಿಯುವುದು ಕಣ್ಣಿಗೆ ಕಾಣುವ ನಷ್ಟ. ಬೆದೆ ಸರಿಯಾಗಿ ತೋರದಿರುವುದು, ಇಂಜೆಕ್ಷನ್ ಹಾಕಿಸಿದರೂ ಗಬ್ಬ ನಿಲ್ಲದಿರುವುದು ಕಾಣದ ನಷ್ಟ. ಒಂದು ಬೆದೆ ತಪ್ಪಿದರೆ ಇಪ್ಪತ್ತೊಂದು ದಿನದ ಮೇವು ಹಿಂಡಿ ದಂಡವಾದ ಲೆಕ್ಕ.

ಹಸು ಬದಲಾದ ಕಾಲದಲ್ಲೇ ಮಾಡೂ ಬದಲಾಯಿತು. ಹುಲ್ಲಿನ ಮಾಡು, ಗರಿಯ ಮಾಡು ಹೋಗಿ ತಗಡು ಬಂತು. ಹಳೆಯ ಕೊಟ್ಟಿಗೆಯೆಲ್ಲ ಚೆನ್ನಾಗಿತ್ತೆಂದು ಹೊಗಳುವ ಅಗತ್ಯವಿಲ್ಲ. ಕಿಟಕಿ ಇಲ್ಲದ, ಕತ್ತಲು ತುಂಬಿದ, ಗಂಜಲ ನಿಂತು ನಾರುವ ಕೊಟ್ಟಿಗೆಗಳು ಎಷ್ಟೋ ಇದ್ದವು, ಈಗಲೂ ಇವೆ. ಆದರೆ ಹುಲ್ಲು ಮತ್ತು ಹೆಂಚು ಬಿಸಿಲನ್ನು ತಡೆಯುತ್ತಿದ್ದವು. ಬರಿಯ ತಗಡು ತಡೆಯುವುದಿಲ್ಲ. ನಡುಮಧ್ಯಾಹ್ನ ತಗಡಿನ ಮೇಲೆ ಕೈ ಇಡಲಾಗದು. ಆ ತಗಡು ಕಾದ ಕಾವಲಿಯಂತೆ ಕೆಳಗಿರುವ ಹಸುವಿನ ಬೆನ್ನಿನ ಮೇಲೆ ಶಾಖ ಸುರಿಯುತ್ತಿರುತ್ತದೆ. ಈ ಶಾಖವನ್ನು ಯಾವ ಫ್ಯಾನೂ ತಡೆಯಲಾರದು. ಫ್ಯಾನು ಗಾಳಿಯನ್ನು ಓಡಿಸುತ್ತದೆ, ತಗಡಿನಿಂದ ನೇರ ಬೀಳುವ ಕಾವನ್ನಲ್ಲ.

ಕಾಸಿಲ್ಲದ ಕೆಲಸ ಮೊದಲು

ಹಾಗಾದರೆ ಮಾಡಬೇಕಾದುದೇನು? ಹೊಸದಾಗಿ ಕೊಟ್ಟಿಗೆ ಕಟ್ಟುವವರು ಬಯಲುಸೀಮೆಯಲ್ಲಿ ಅದರ ಉದ್ದ ಪೂರ್ವ-ಪಶ್ಚಿಮವಾಗಿರುವಂತೆ ನೋಡಿಕೊಳ್ಳಬೇಕು. ಆಗ ಬೆಳಗಿನ ಮತ್ತು ಇಳಿಹೊತ್ತಿನ ಓರೆ ಬಿಸಿಲು ಕೊಟ್ಟಿಗೆಯ ಚಿಕ್ಕ ಬದಿಗಷ್ಟೇ ಬೀಳುತ್ತದೆ. ಸೂರಿನ ಎತ್ತರ ಎಂಟು ಅಡಿಗಿಂತ ಕಡಿಮೆ ಆಗಬಾರದು. ತಗಡಿನ ಮಾಡಾದರೆ ಹತ್ತು ಅಡಿ ಇರುವುದು ಒಳ್ಳೆಯದು. ಸುತ್ತಲಿನ ಗೋಡೆ ಮೂರರಿಂದ ನಾಲ್ಕು ಅಡಿಗೆ ನಿಲ್ಲಲಿ, ಮೇಲೆ ಬಯಲಿರಲಿ. ಮಾಡಿನ ನೆತ್ತಿಯ ಉದ್ದಕ್ಕೂ ಬಿಸಿಗಾಳಿ ಹೊರಹೋಗಲು ಸಂದು ಬಿಟ್ಟು, ಅದರ ಮೇಲೆ ಮಳೆ ಬೀಳದಂತೆ ಚಿಕ್ಕ ಟೋಪಿ ಹಾಕಿಸಬೇಕು. ಬಿಸಿಗಾಳಿ ತಾನಾಗಿ ಮೇಲೇರುತ್ತದೆ. ಅದಕ್ಕೆ ಕರೆಂಟು ಬೇಡ, ದಾರಿ ಬೇಕು. ಹಸುವೊಂದಕ್ಕೆ ಮಾಡಿನ ಕೆಳಗೆ ಮೂರೂವರೆ ಚದರ ಮೀಟರ್, ಹೊರಗೆ ಬಯಲಿನಲ್ಲಿ ಅದರ ಎರಡರಷ್ಟು ಜಾಗವಿದ್ದರೆ ಅದು ತನಗೆ ಬೇಕಾದ ನೆರಳನ್ನು ತಾನೇ ಹುಡುಕಿಕೊಳ್ಳುತ್ತದೆ.

ಮಲೆನಾಡು ಮತ್ತು ಕರಾವಳಿಯ ರೈತರು ಈ ಮಾತನ್ನು ಹಾಗೆಯೇ ತೆಗೆದುಕೊಳ್ಳಬಾರದು. ಅಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೈಋತ್ಯದಿಂದ ಇರಿಚಲು ಹೊಡೆಯುತ್ತದೆ, ನೆಲ ಒಣಗುವುದಿಲ್ಲ. ಅಲ್ಲಿ ಇಳಿಜಾರು ಹೆಚ್ಚಿರುವ ಮಾಡು, ಮಳೆ ಬರುವ ದಿಕ್ಕಿಗೆ ಉದ್ದ ಸೂರು, ಬೇಕಾದಾಗ ಇಳಿಬಿಟ್ಟು ಸುತ್ತಿಡಬಹುದಾದ ತಟ್ಟಿ ಅಗತ್ಯ. ಮಂಗಳೂರಿನಲ್ಲಿ ಬಾಸೆಲ್ ಮಿಷನ್ನಿನವರು 1865ರಲ್ಲಿ ಹೆಂಚಿನ ಕಾರ್ಖಾನೆ ಆರಂಭಿಸಿದ ಮೇಲೆ ಹರಡಿದ ಹೆಂಚಿನ ಮಾಡು ಇಂದಿಗೂ ಕೊಟ್ಟಿಗೆಗೆ ಒಪ್ಪುವ ಮಾಡೇ. ಹೆಂಚಿನ ಸಂದುಗಳಲ್ಲಿ ಗಾಳಿಯಾಡುತ್ತದೆ, ಜೇಡಿ ಬೇಗ ಕಾಯುವುದಿಲ್ಲ. ಹಳೆಯ ಮನೆ ಕೆಡವಿ ಹೆಂಚು ಮಾರುವವರಿದ್ದರೆ ಅದನ್ನು ಕೊಟ್ಟಿಗೆಗೆ ಕೊಂಡುಕೊಳ್ಳುವುದು ಜಾಣತನ.

ಈಗಾಗಲೇ ತಗಡು ಹಾಕಿಸಿದವರು ಅದನ್ನು ಕಿತ್ತುಹಾಕಬೇಕಾಗಿಲ್ಲ. ಬೇಸಿಗೆಗೆ ಮುಂಚೆ ತಗಡಿನ ಹೊರಮೈಗೆ ದಪ್ಪನಾಗಿ ಬಿಳಿ ಸುಣ್ಣ ಬಳಿಯಿರಿ. ಬಿಳಿ ಮೈ ಬಿಸಿಲನ್ನು ಹಿಂದಕ್ಕೆ ಎಸೆಯುತ್ತದೆ. ಮಳೆಗೆ ಸುಣ್ಣ ತೊಳೆದುಹೋಗುವುದರಿಂದ ವರ್ಷಕ್ಕೊಮ್ಮೆ ಮತ್ತೆ ಬಳಿಯಬೇಕು. ಇಲ್ಲವೇ ತಗಡಿನ ಮೇಲೆ ತೆಂಗಿನ ಗರಿಯನ್ನೋ ಕಬ್ಬಿನ ಸೋಗೆಯನ್ನೋ ಅರ್ಧ ಅಡಿ ದಪ್ಪಕ್ಕೆ ಹೊದಿಸಿ ಹಗ್ಗದಿಂದ ಬಿಗಿಯಿರಿ. ಒಲೆಯ ಕಿಡಿ ಹಾರುವ ಕಡೆ ಮಾತ್ರ ಇದು ಬೇಡ. ಪಶ್ಚಿಮದ ಕಡೆ ಹೊಂಗೆಯನ್ನೋ ಬೇವನ್ನೋ ಹಚ್ಚಿ. ಮರ ನೆರಳಾಗಲು ನಾಲ್ಕೈದು ವರ್ಷ ಬೇಕು. ಅಲ್ಲಿಯವರೆಗೆ ಚಪ್ಪರದ ಮೇಲೆ ಸೋರೆ, ಅವರೆ ಹಬ್ಬಿಸಿದರೆ ನೆರಳೂ ಆಯಿತು, ಮನೆಗೆ ತರಕಾರಿಯೂ ಆಯಿತು. ಕುಡಿಯುವ ನೀರಿನ ತೊಟ್ಟಿ ಬಿಸಿಲಲ್ಲಿದ್ದರೆ ಅದಕ್ಕೂ ನೆರಳು ಮಾಡಿ. ಕಪ್ಪು ಪ್ಲಾಸ್ಟಿಕ್ ಟ್ಯಾಂಕಿನಲ್ಲಿ ಕಾದ ನೀರನ್ನು ಹಸು ಮನಸ್ಸಿಟ್ಟು ಕುಡಿಯುವುದಿಲ್ಲ. ಹಾಲಿನ ಹಸುವಿಗೆ ಬೇಸಿಗೆಯಲ್ಲಿ ದಿನಕ್ಕೆ 60ರಿಂದ 80 ಲೀಟರ್ ನೀರು ಬೇಕು. ನೀರು ತಣ್ಣಗಿದ್ದು ದಿನವಿಡೀ ಮುಂದಿದ್ದರೆ ಅರ್ಧ ಸೆಕೆ ಅಲ್ಲೇ ಇಳಿಯುತ್ತದೆ.

ಇಷ್ಟಾದ ಮೇಲೂ ಮಧ್ಯಾಹ್ನ ಏದುಸಿರು ನಿಲ್ಲದಿದ್ದರೆ ಆಗ ಫ್ಯಾನು ಬರಲಿ. ಫ್ಯಾನಿನ ಜೊತೆಗೆ ಹಸುವಿನ ಮೈ ಒದ್ದೆ ಮಾಡಿದರೆ ಫಲ ಹೆಚ್ಚು. ಮೈಮೇಲಿನ ನೀರು ಆರುವಾಗ ಕಾವನ್ನು ಹೊತ್ತೊಯ್ಯುತ್ತದೆ. ಮೈ ಒದ್ದೆ ಮಾಡಿ ಗಾಳಿ ಬಿಡುವುದು, ಆರಿದ ಮೇಲೆ ಮತ್ತೆ ಒದ್ದೆ ಮಾಡುವುದು, ಹೀಗಿರಬೇಕು. ಗಾಳಿಯಾಡದ ಕೊಟ್ಟಿಗೆಯಲ್ಲಿ ಮಂಜಿನಂತೆ ನೀರು ಹಾರಿಸುತ್ತಲೇ ಇದ್ದರೆ ಒಳಗೆ ಉಗಿ ತುಂಬಿ ಸೆಕೆ ಹೆಚ್ಚುತ್ತದೆ, ನೆಲ ಒದ್ದೆಯಾಗಿ ಕೆಚ್ಚಲು ಬಾವಿಗೆ ದಾರಿಯಾಗುತ್ತದೆ. ಗಾಳಿಯಲ್ಲೇ ತೇವ ತುಂಬಿರುವ ಕರಾವಳಿಯಲ್ಲಿ ಈ ಮಂಜಿನ ಯಂತ್ರದಿಂದ ಪ್ರಯೋಜನ ಕಡಿಮೆ.

ಯೂನಿಟ್ಟಿನ ಲೆಕ್ಕ

ಈಗ ಕರೆಂಟಿನ ಮಾತು. ಉಪಕರಣದ ಮೇಲೆ ಬರೆದಿರುವ ವ್ಯಾಟನ್ನು ಅದು ಓಡುವ ಗಂಟೆಗಳಿಂದ ಗುಣಿಸಿ ಸಾವಿರದಿಂದ ಭಾಗಿಸಿದರೆ ಯೂನಿಟ್ ಸಿಗುತ್ತದೆ. ಒಂದು ಅಶ್ವಶಕ್ತಿ ಎಂದರೆ 746 ವ್ಯಾಟ್. ಐದನೆಯ ತರಗತಿಯ ಮಗುವೂ ಮಾಡಬಲ್ಲ ಈ ಲೆಕ್ಕವನ್ನು ನಮ್ಮ ಕೊಟ್ಟಿಗೆಗಳಲ್ಲಿ ಮಾಡುವವರು ಕಡಿಮೆ.

ಐದು ಹಸುವಿನ ಒಂದು ಕೊಟ್ಟಿಗೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳೋಣ. 60 ವ್ಯಾಟಿನ ನಾಲ್ಕು ಹಳೆಯ ಬಲ್ಬುಗಳು ದಿನಕ್ಕೆ ಐದು ಗಂಟೆ ಉರಿದರೆ 1.2 ಯೂನಿಟ್. 75 ವ್ಯಾಟಿನ ಮೂರು ಫ್ಯಾನುಗಳು ಹನ್ನೆರಡು ಗಂಟೆ ತಿರುಗಿದರೆ 2.7 ಯೂನಿಟ್. ಎರಡು ಅಶ್ವಶಕ್ತಿಯ ಮೇವು ಕತ್ತರಿಸುವ ಯಂತ್ರ ಅರ್ಧ ಗಂಟೆ ಓಡಿದರೆ ಸುಮಾರು ಮುಕ್ಕಾಲು ಯೂನಿಟ್. ಒಂದು ಅಶ್ವಶಕ್ತಿಯ ನೀರಿನ ಮೋಟಾರು ಒಂದು ಗಂಟೆ ಓಡಿದರೆ ಇನ್ನೊಂದು ಮುಕ್ಕಾಲು. ಒಟ್ಟು ದಿನಕ್ಕೆ 5.4 ಯೂನಿಟ್, ತಿಂಗಳಿಗೆ 162 ಯೂನಿಟ್.

ಅದೇ ಕೊಟ್ಟಿಗೆಯಲ್ಲಿ 9 ವ್ಯಾಟಿನ ಎಲ್‌ಇಡಿ ಬಲ್ಬು ಹಾಕಿದರೆ ಬೆಳಕಿನ ಖರ್ಚು 0.18 ಯೂನಿಟ್ಟಿಗೆ ಇಳಿಯುತ್ತದೆ. ಮಾಡು ತಂಪಾದ ಮೇಲೆ ಮೂರರ ಬದಲು ಎರಡು ಫ್ಯಾನು, ಹನ್ನೆರಡರ ಬದಲು ಆರು ಗಂಟೆ ಸಾಕಾದರೆ, ಅವೂ 30 ವ್ಯಾಟಿನ ಆಸುಪಾಸಿನ ಹೊಸ ಬಿಎಲ್‌ಡಿಸಿ ಫ್ಯಾನುಗಳಾದರೆ, 0.36 ಯೂನಿಟ್. ಯಂತ್ರದ ಅಲಗು ಹರಿತವಾಗಿದ್ದು, ಬೆಲ್ಟು ಜಾರದೆ ಇದ್ದು, ಇಪ್ಪತ್ತು ನಿಮಿಷದಲ್ಲಿ ಮೇವು ಮುಗಿದರೆ ಅರ್ಧ ಯೂನಿಟ್. ಕೊಟ್ಟಿಗೆ ತೊಳೆಯುವ ಮುನ್ನ ಸಗಣಿಯನ್ನು ಬಾಚಿ ತೆಗೆದು, ಪೈಪಿನ ತುದಿಗೆ ನಲ್ಲಿ ಹಾಕಿ ಮೋಟಾರಿನ ಹೊತ್ತನ್ನು ನಲವತ್ತು ನಿಮಿಷಕ್ಕೆ ತಂದರೆ ಇನ್ನೊಂದು ಅರ್ಧ. ಎಲ್ಲ ಸೇರಿ 1.54 ಯೂನಿಟ್, ತಿಂಗಳಿಗೆ 46. ಹಸು ಕಡಿಮೆಯಾಗಲಿಲ್ಲ, ಕೆಲಸ ಕಡಿಮೆಯಾಗಲಿಲ್ಲ, ಕರೆಂಟು ಮಾತ್ರ ಮೂರನೆಯ ಒಂದು ಪಾಲಿಗಿಂತ ಕೆಳಕ್ಕೆ ಬಂತು.

‘ಕರೆಂಟು ಹೇಗೂ ಬಿಟ್ಟಿ, ಉಳಿಸಿ ಏನು ಬಂತು?’ ಎಂದು ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವಾದದ್ದೇ, ಉತ್ತರವನ್ನೂ ಕೇಳಬೇಕು. ನಮ್ಮ ರಾಜ್ಯದಲ್ಲಿ 10 ಅಶ್ವಶಕ್ತಿಯವರೆಗಿನ ನೀರಾವರಿ ಪಂಪ್‌ಸೆಟ್ಟಿಗೆ ಬಿಲ್ಲಿಲ್ಲ, ನಿಜ. ಆದರೆ ಅದು ಹೊಲಕ್ಕೆ ನೀರೆತ್ತಲು ಕೊಟ್ಟದ್ದು. ಆ ಸಂಪರ್ಕದಿಂದ ಕೊಟ್ಟಿಗೆಗೆ ತಂತಿ ಎಳೆಯುವುದು ನಿಯಮಕ್ಕೆ ವಿರುದ್ಧ. ಮೇಲಾಗಿ ತ್ರೀ ಫೇಸ್ ಕರೆಂಟು ದಿನದಲ್ಲಿ ಕೆಲವೇ ಗಂಟೆ ಇರುತ್ತದೆ, ಹಸುವಿನ ಸೆಕೆ ಆ ವೇಳಾಪಟ್ಟಿ ನೋಡಿ ಬರುವುದಿಲ್ಲ. ಇನ್ನು ಮನೆಯ ಮೀಟರು. 2023ರಲ್ಲಿ ಗೃಹಜ್ಯೋತಿ ಯೋಜನೆ ಜಾರಿಗೆ ಬಂದಾಗ ತಿಂಗಳಿಗೆ 200 ಯೂನಿಟ್ಟಿನ ಮೇಲ್ಮಿತಿಯೊಳಗೆ, ಆಯಾ ಮನೆಯ ಹಿಂದಿನ ವರ್ಷದ ಸರಾಸರಿಗೆ ಶೇಕಡ 10 ಸೇರಿಸಿದಷ್ಟಕ್ಕೆ ಮಾತ್ರ ವಿನಾಯಿತಿ ಎಂದು ನಿಗದಿಯಾಯಿತು. ಮನೆಗೆ 50 ಯೂನಿಟ್ ಬಳಸುವವರು ಕೊಟ್ಟಿಗೆಯ 162 ಯೂನಿಟ್ಟನ್ನೂ ಅದೇ ಮೀಟರಿಗೆ ಹೊರಿಸಿದರೆ 200 ದಾಟುತ್ತದೆ. ಆಗ ಇಡೀ ಬಿಲ್ಲು ತಲೆಯ ಮೇಲೆ ಬೀಳುತ್ತದೆ. ಬಿಟ್ಟಿ ಕರೆಂಟು ಉಳಿಯಬೇಕಾದರೂ ಮಿತವ್ಯಯವೇ ದಾರಿ.

ಇಲ್ಲಿ ಒಂದು ಎಚ್ಚರಿಕೆ. ಕೊಟ್ಟಿಗೆ ಎಂದರೆ ಒದ್ದೆ ನೆಲ, ಗಂಜಲ, ಕಬ್ಬಿಣದ ಸರಪಳಿ. ಅಲ್ಲಿ ಜೋಡು ಹಾಕಿದ ಬೆತ್ತಲೆ ತಂತಿ ಯಮನ ಪಾಶವೇ ಸರಿ. ಮನುಷ್ಯ ತಾಳಿಕೊಳ್ಳುವ ಸಣ್ಣ ಸೋರಿಕೆಯೂ ಹಸುವಿಗೆ ತಾಗುತ್ತದೆ. ನೀರಿನ ತೊಟ್ಟಿಗೆ ಮೂತಿಯಿಟ್ಟ ಹಸು ಬೆಚ್ಚಿ ಹಿಂದೆ ಸರಿದರೆ ಸೋರಿಕೆಯನ್ನು ಸಂಶಯಿಸಬೇಕು. ಸರಿಯಾದ ಅರ್ತಿಂಗ್, ಸೋರಿಕೆಯಾದೊಡನೆ ಕರೆಂಟು ಕಡಿಯುವ ಸ್ವಿಚ್ಚು, ಕೈಗೆ ಕೋಡಿಗೆ ಎಟುಕದ ಎತ್ತರದಲ್ಲಿ ಪೈಪಿನೊಳಗೆ ತಂತಿ, ಈ ಮೂರಕ್ಕೆ ಜಿಪುಣತನ ಮಾಡಬಾರದು.

ಹಾಲು ಕರೆಯುವ ಯಂತ್ರ ಬೇಕೇ ಎಂದು ಅನೇಕರು ಕೇಳುತ್ತಾರೆ. ಎರಡು ಹಸುವಿನ ಮನೆಗೆ ಅದು ಹೊರೆ. ಐದಾರು ಕರೆಯುವ ಹಸುಗಳಿದ್ದು, ಮನೆಯ ಹೆಂಗಸರ ಕೈಬೆರಳುಗಳು ಸೋತಿದ್ದರೆ ಅದು ದಂಡವಲ್ಲ. ನಮ್ಮ ಕೊಟ್ಟಿಗೆಯ ಕೆಲಸದ ಬಹುಪಾಲು ಹೆಂಗಸರ ಮೇಲಿದೆ. ಕೊಳ್ಳುವ ತೀರ್ಮಾನ ಮಾತ್ರ ಜಗಲಿಯ ಮೇಲೆ ಗಂಡಸರದ್ದು. ಯಂತ್ರವಾಗಲಿ ಫ್ಯಾನಾಗಲಿ ಗ್ಯಾಸಾಗಲಿ, ಕರೆಯುವವರನ್ನು, ಗೋರುವವರನ್ನು ಮೊದಲು ಕೇಳಿ ಆಮೇಲೆ ಕೊಳ್ಳಬೇಕು.

ಡೇರಿಯ ಆಡಳಿತ ಮಂಡಳಿಯವರಿಗೂ ಒಂದು ಮಾತಿದೆ. ಕರೆದ ಹಾಲು 35 ಡಿಗ್ರಿ ಕಾವಿನಲ್ಲಿ ಬಂದರೆ ಶೀತಲ ಯಂತ್ರ ಅದನ್ನು 4 ಡಿಗ್ರಿಗೆ ಇಳಿಸಬೇಕು. ಅದು 31 ಡಿಗ್ರಿಯ ದುಡಿಮೆ. ಹಾಲನ್ನು ಮೊದಲು ಬಾವಿಯ ತಣ್ಣೀರು ಹರಿಯುವ ತಟ್ಟೆಗಳ ಮೂಲಕ ಹಾಯಿಸಿ 28ಕ್ಕೆ ತಂದರೆ ಐದರಲ್ಲಿ ಒಂದು ಪಾಲಿಗಿಂತ ಹೆಚ್ಚು ಕೆಲಸ ನೀರಿನಿಂದಲೇ ಆಗಿಹೋಗುತ್ತದೆ. ಬೆಚ್ಚಗಾದ ಆ ನೀರು ದನಗಳ ತೊಟ್ಟಿಗೋ ಕ್ಯಾನು ತೊಳೆಯಲೋ ಬರುತ್ತದೆ.

ಕೊಟ್ಟಿಗೆಯೇ ಕೊಡುವ ಉರುವಲು

ಮೂರನೆಯದು ಸಗಣಿ. ಗೋಬರ್ ಗ್ಯಾಸ್ ನಮಗೆ ಹೊಸದಲ್ಲ. ಖಾದಿ ಆಯೋಗದ ತೇಲುವ ಡ್ರಮ್ಮಿನ ಮಾದರಿ ಮೊದಲು ಹರಡಿತು. 1981–82ರಲ್ಲಿ ರಾಷ್ಟ್ರೀಯ ಯೋಜನೆ ಬಂತು. 1984ರಲ್ಲಿ ಇಟ್ಟಿಗೆಯ ಗುಮ್ಮಟದ ದೀನಬಂಧು ಮಾದರಿ ಬಂತು. ಒಂದು ಕಿಲೋ ಹಸಿ ಸಗಣಿಯಿಂದ ಸುಮಾರು 40 ಲೀಟರ್ ಗ್ಯಾಸ್ ಸಿಗುತ್ತದೆ. ಎರಡು ಘನ ಮೀಟರಿನ ಸ್ಥಾವರಕ್ಕೆ ದಿನಕ್ಕೆ 50 ಕಿಲೋ ಸಗಣಿ, ಅಷ್ಟೇ ನೀರು ಬೇಕು. ಕಟ್ಟಿ ಮೇಯಿಸುವ ಮೂರು ನಾಲ್ಕು ಸೀಮೆ ಹಸುಗಳಿದ್ದರೆ ಇಷ್ಟು ಸಗಣಿ ಸಿಗುತ್ತದೆ. ಒಂದು ಘನ ಮೀಟರ್ ಗ್ಯಾಸ್ 0.43 ಕಿಲೋ ಸಿಲಿಂಡರ್ ಗ್ಯಾಸಿಗೆ, ಸುಮಾರು ಮೂರೂವರೆ ಕಿಲೋ ಸೌದೆಗೆ ಸಮ. ಆ ಲೆಕ್ಕದಲ್ಲಿ ಎರಡು ಘನ ಮೀಟರಿನ ಸ್ಥಾವರ ತುಂಬಿ ನಡೆದರೆ ತಿಂಗಳಿಗೆ 25 ಕಿಲೋ ಮೀರಿ, ಅಂದರೆ 14.2 ಕಿಲೋದ ಒಂದೂಮುಕ್ಕಾಲು ಸಿಲಿಂಡರಿನಷ್ಟು ಉರುವಲು ಕೊಡುತ್ತದೆ. ಆರೇಳು ಜನರ ಅಡುಗೆ ನಡೆದು ಕ್ಯಾನು ತೊಳೆಯಲು ಬಿಸಿನೀರೂ ಆಗುತ್ತದೆ. ಬಗ್ಗಡ ಹೊಲಕ್ಕೆ ಗೊಬ್ಬರವಾಗುತ್ತದೆ. ಗ್ಯಾಸಿಗೆ ಕೊಟ್ಟ ಸಗಣಿಯ ಸಾರಜನಕ ಬಗ್ಗಡದಲ್ಲಿ ಉಳಿದೇ ಇರುತ್ತದೆ.

ಹಾಗಿದ್ದೂ ಎಷ್ಟೋ ಮನೆಗಳ ಹಿತ್ತಿಲಲ್ಲಿ ಗೋಬರ್ ಗ್ಯಾಸಿನ ಗುಂಡಿ ಹುಲ್ಲು ಬೆಳೆದು ಬಿದ್ದಿದೆ. ಕಾರಣ ಹುಡುಕಿದರೆ ದೊಡ್ಡದೇನೂ ಇರುವುದಿಲ್ಲ. ಹಸು ಮಾರಿ ಸಗಣಿ ಸಾಲದೆ ಹೋಗಿರುತ್ತದೆ. ಪೈಪಿನಲ್ಲಿ ನೀರು ಕಟ್ಟಿಕೊಂಡು ಗ್ಯಾಸ್ ಬರುತ್ತಿಲ್ಲವಷ್ಟೇ. ಮೇವಿನ ಕಡ್ಡಿ, ಮರಳು ಸೇರಿ ಒಳಗೆ ಕೆನೆ ಕಟ್ಟಿರುತ್ತದೆ. ಕೊಟ್ಟಿಗೆ ತೊಳೆದ ಫಿನಾಯಿಲ್ ನೀರು ಹೋಗಿ ಒಳಗಿನ ಸೂಕ್ಷ್ಮಜೀವಿಗಳು ಸತ್ತಿರುತ್ತವೆ. ಕಟ್ಟಿಸಿದ ಗಾರೆಯವನು ಮತ್ತೆ ತಿರುಗಿ ನೋಡಿರುವುದಿಲ್ಲ.

ಕೊನೆಯ ಕಾರಣವೇ ಮುಖ್ಯವೆಂಬುದಕ್ಕೆ ಶಿರಸಿ ಸಾಕ್ಷಿ. ಉತ್ತರ ಕನ್ನಡದ ಆ ತಾಲ್ಲೂಕಿನ ಗೋಬರ್ ಗ್ಯಾಸ್ ಸ್ಥಾವರಗಳನ್ನು ಕುರಿತು 2001ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಪರಿಶೀಲಿಸಿದ ಸ್ಥಾವರಗಳು ಹೆಚ್ಚುಕಡಿಮೆ ಎಲ್ಲವೂ ನಡೆಯುತ್ತಿದ್ದವು. ಅಲ್ಲಿ ಕಟ್ಟಿಸುವವರು ಊರಿನವರೇ ಆಗಿ, ಒಬ್ಬರಿಗೊಬ್ಬರು ಪೈಪೋಟಿಯಲ್ಲಿ ಖಾತರಿ ಕೊಟ್ಟು, ಕೆಟ್ಟಾಗ ಬಂದು ಸರಿಮಾಡುತ್ತಿದ್ದರು. ಇನ್ನೊಂದು ಪಾಠ ತುಮಕೂರು ಜಿಲ್ಲೆ ಕುಣಿಗಲ್ ತಾಲ್ಲೂಕಿನ ಪುರ ಗ್ರಾಮದ್ದು. ಭಾರತೀಯ ವಿಜ್ಞಾನ ಸಂಸ್ಥೆಯ ‘ಅಸ್ತ್ರ’ ಕೇಂದ್ರದವರು ಅಲ್ಲಿ ಊರಿಗೆಲ್ಲ ಒಂದೇ ಸ್ಥಾವರ ಕಟ್ಟಿ ಅಡುಗೆಗೆ ಗ್ಯಾಸ್ ಕೊಡಲು ಹೊರಟಾಗ ಸಗಣಿ ಸಾಲಲಿಲ್ಲ. 1987ರಿಂದ ಅದೇ ಗ್ಯಾಸಿನಿಂದ ಎಂಜಿನ್ ಓಡಿಸಿ ಮನೆಗಳಿಗೆ ದೀಪ, ನಲ್ಲಿಗೆ ಕುಡಿಯುವ ನೀರು ಕೊಟ್ಟರು. ಸಗಣಿ ತಂದು ಹಾಕಿದವರಿಗೆ ಬಗ್ಗಡ ವಾಪಸು ಸಿಗುತ್ತಿತ್ತು. ಊರು ಒಪ್ಪಿತು, ಹಲವು ವರ್ಷ ಅದು ನಡೆಯಿತು. ಸಗಣಿಯ ಅಳತೆ ನೋಡಿ ಕೆಲಸ ಆರಿಸಿಕೊಳ್ಳಬೇಕು ಎಂಬುದು ಪುರದ ಪಾಠ. ಕಟ್ಟುವವನಿಗಿಂತ ರಿಪೇರಿ ಮಾಡುವವನು ದೊಡ್ಡವನು ಎಂಬುದು ಶಿರಸಿಯ ಪಾಠ.

ಮನೆಯ ಮಟ್ಟದಲ್ಲಿ ಗೋಬರ್ ಗ್ಯಾಸನ್ನು ಕಾಯಿಸುವ ಕೆಲಸಕ್ಕೇ ಬಳಸಿ. ಒಂದು ಘನ ಮೀಟರಿನಿಂದ ಎಂಜಿನ್ ಓಡಿಸಿ ತೆಗೆದರೆ ಸುಮಾರು ಒಂದೂಕಾಲು ಯೂನಿಟ್ ಕರೆಂಟು ಸಿಗುತ್ತದೆ, ಅಷ್ಟೇ. ಕೋಳಿ ಸಾಕುವವರಿಗೂ ಈ ಮಾತು ಹೊಂದುತ್ತದೆ. ಮೊದಲ ವಾರ ಮರಿಗಳಿಗೆ 35 ಡಿಗ್ರಿ ಕಾವು ಬೇಕು, ಆಮೇಲೆ ವಾರವಾರಕ್ಕೂ ಸುಮಾರು ಮೂರು ಡಿಗ್ರಿ ಇಳಿಸಬೇಕು. ಆ ಕಾವನ್ನೆಲ್ಲ ಬಲ್ಬಿನಿಂದಲೇ ಕೊಡುವುದಕ್ಕಿಂತ ಬದಿಗಳಿಗೆ ಗೋಣಿ ಕಟ್ಟಿ, ಮರಿಗಳ ಸುತ್ತ ತಗಡಿನ ಕಾಪು ನಿಲ್ಲಿಸಿ, ದನವಿರುವ ಮನೆಯಾದರೆ ಗೋಬರ್ ಗ್ಯಾಸಿನ ಬ್ರೂಡರ್ ಇಡುವುದು ಅಗ್ಗ. ಹೊಗೆ, ಸುಟ್ಟ ಗಾಳಿ ಒಳಗೆ ನಿಲ್ಲದಂತೆ ಮೇಲೆ ಸಂದು ಇರಲೇಬೇಕು.

ಗ್ಯಾಸಿನ ಗುಂಡಿಗೆ ಎಂಥ ಅನುಭವಸ್ಥನೂ ಇಳಿಯಬಾರದು. ಒಳಗಿನ ವಿಷಗಾಳಿ ಕೂಗಲೂ ಸಮಯ ಕೊಡುವುದಿಲ್ಲ. ಬಿದ್ದವನನ್ನು ಎತ್ತಲು ಇಳಿದವನೂ ಸಾಯುವುದು ಇಂಥ ಗುಂಡಿಗಳಲ್ಲೇ. ಚೊಕ್ಕಟ ಮಾಡಬೇಕಾದರೆ ಬಗ್ಗಡವನ್ನು ಮೇಲಿನಿಂದಲೇ ಪಂಪಿನಿಂದ ತೆಗೆಸಬೇಕು. ಗುಂಡಿಯ ಬಾಯಿಗೆ ಭದ್ರವಾದ ಮುಚ್ಚಳವಿರಬೇಕು.

ಕೊನೆಗೆ ಬಿಸಿಲು

ಬಿಸಿಲಿಗೆ ನಮ್ಮಲ್ಲಿ ಬರವಿಲ್ಲ. ಮಳೆಯಿಲ್ಲದೆ ಸೊರಗಿದ ಪಾವಗಡದಲ್ಲಿ ರೈತರು ಗುತ್ತಿಗೆಗೆ ಕೊಟ್ಟ ಸುಮಾರು 13 ಸಾವಿರ ಎಕರೆಯಲ್ಲಿ 2,050 ಮೆಗಾವ್ಯಾಟ್ ಸಾಮರ್ಥ್ಯದ ಸೌರ ಪಾರ್ಕ್ 2019ರ ಕೊನೆಗೆ ಪೂರ್ಣಗೊಂಡಿತು. ನಮ್ಮ ನಾಡಿನಲ್ಲಿ ಒಂದು ಕಿಲೋವ್ಯಾಟಿನ ಫಲಕ ದಿನಕ್ಕೆ ಸರಾಸರಿ ನಾಲ್ಕು ಯೂನಿಟ್ ಕೊಡುತ್ತದೆ.

ಮೇಲಿನ ಐದು ಹಸುವಿನ ಕೊಟ್ಟಿಗೆಗೆ ಮತ್ತೆ ಬರೋಣ. ಮೊದಲಿನ ಸ್ಥಿತಿಯಲ್ಲಿ ಬೆಳಕು ಮತ್ತು ಫ್ಯಾನಿಗೇ ದಿನಕ್ಕೆ 3.9 ಯೂನಿಟ್, ಅಂದರೆ ಒಂದು ಕಿಲೋವ್ಯಾಟಿನ ಫಲಕ ಮತ್ತು ಅದಕ್ಕೆ ತಕ್ಕ ದೊಡ್ಡ ಬ್ಯಾಟರಿ ಬೇಕಿತ್ತು. ಮಾಡು ಸರಿಮಾಡಿ ಬಲ್ಬು ಫ್ಯಾನು ಬದಲಿಸಿದ ಮೇಲೆ ಅದೇ ಕೆಲಸಕ್ಕೆ 0.54 ಯೂನಿಟ್. ಮೋಡದ ದಿನ, ಬ್ಯಾಟರಿಯ ನಷ್ಟ ಎಲ್ಲ ಸೇರಿಸಿದರೂ 200 ವ್ಯಾಟಿನ ಫಲಕ ಸಾಕು. ಐದನೆಯ ಒಂದು ಪಾಲು ಫಲಕ, ಬ್ಯಾಟರಿಯೂ ಅದೇ ಪ್ರಮಾಣದಲ್ಲಿ ಚಿಕ್ಕದು. ಸುಣ್ಣ, ಗರಿ, ನೆತ್ತಿಯ ಸಂದು ಎಷ್ಟು ಸಾಲ ಉಳಿಸುತ್ತವೆ ಎಂಬುದು ಇಲ್ಲಿ ಕಾಣುತ್ತದೆ. ಮೇವಿನ ಯಂತ್ರ, ನೀರಿನ ಮೋಟಾರುಗಳು ಹೊರಡುವಾಗ ಹೆಚ್ಚು ಕರೆಂಟು ಎಳೆಯುವುದರಿಂದ ಅವನ್ನು ಕಂಪನಿಯ ಲೈನಿಗೇ ಬಿಡುವುದು ಸಣ್ಣ ರೈತರಿಗೆ ಲೇಸು. ಫಲಕ ದಕ್ಷಿಣಕ್ಕೆ ಮುಖ ಮಾಡಿರಲಿ, ಮರದ ನೆರಳು ಬೀಳದಿರಲಿ, ಹದಿನೈದು ದಿನಕ್ಕೊಮ್ಮೆ ಧೂಳು ಒರೆಸಿರಿ.

ಯೋಜನೆ ಮಾಡುವವರಿಗೆ

ಕೊನೆಯದಾಗಿ ಸರ್ಕಾರಕ್ಕೆ, ಬ್ಯಾಂಕುಗಳಿಗೆ, ಹಾಲು ಒಕ್ಕೂಟಗಳಿಗೆ ಒಂದು ಮಾತು. ಯಂತ್ರಕ್ಕೆ, ಫಲಕಕ್ಕೆ ಸಾಲ, ಸಹಾಯಧನ ಕೊಡುವಾಗ ಕೊಟ್ಟಿಗೆಯ ಮಾಡು ಹೇಗಿದೆ ಎಂದು ಮೊದಲು ನೋಡುವ ಪದ್ಧತಿ ಬರಬೇಕು. ಮಾಡು ಎತ್ತರಿಸಲು, ಹೆಂಚು ಹೊದಿಸಲು ಕೇಳುವ ಸಣ್ಣ ಸಾಲವನ್ನೂ ಯಂತ್ರದ ಸಾಲದಷ್ಟೇ ಗೌರವದಿಂದ ಕಾಣಬೇಕು. ಹೋಬಳಿಗೊಬ್ಬ ಗೋಬರ್ ಗ್ಯಾಸ್ ಗಾರೆಯವನನ್ನು, ಒಬ್ಬ ವಿದ್ಯುತ್ ಕೆಲಸದವನನ್ನು ತರಬೇತಿ ಕೊಟ್ಟು ನಿಲ್ಲಿಸಿದರೆ, ಹೊಸ ನೂರು ಸ್ಥಾವರ ಕಟ್ಟಿಸುವುದಕ್ಕಿಂತ ಬಿದ್ದಿರುವ ನೂರನ್ನು ಎಬ್ಬಿಸುವುದು ಬೇಗ ಆಗುತ್ತದೆ, ಅಗ್ಗವಾಗಿಯೂ ಆಗುತ್ತದೆ. ಎಷ್ಟು ಹಂಚಿದೆವು ಎಂಬ ಪಟ್ಟಿಯ ಜೊತೆಗೆ ಮೂರು ವರ್ಷದ ಮೇಲೆ ಎಷ್ಟು ನಡೆಯುತ್ತಿವೆ ಎಂಬ ಪಟ್ಟಿಯನ್ನೂ ಪ್ರಕಟಿಸಬೇಕು.

ರೈತ ಬಾಂಧವರು ಅದಕ್ಕಾಗಿ ಕಾಯಬೇಕಾಗಿಲ್ಲ. ಬರುವ ಬೇಸಿಗೆಗೆ ಮುಂಚೆ ಒಂದು ಮಧ್ಯಾಹ್ನ ನಿಮ್ಮ ಕೊಟ್ಟಿಗೆಯೊಳಗೆ ಹಸುವಿನ ಪಕ್ಕದಲ್ಲಿ ಕಾಲು ಗಂಟೆ ನಿಂತು ನೋಡಿ. ನಿಮಗೆ ನಿಲ್ಲಲಾಗದಿದ್ದರೆ ಅದಕ್ಕೂ ನಿಲ್ಲಲಾಗುತ್ತಿಲ್ಲ. ಮಾಡಿಗೆ ಸುಣ್ಣ ಬಳಿಯಿರಿ, ನೀರಿಗೆ ನೆರಳು ಕೊಡಿ, ಬಲ್ಬು ಬದಲಿಸಿ, ಯಂತ್ರದ ಅಲಗು ಮಸೆಯಿರಿ, ತಂತಿಗೆ ಅರ್ತಿಂಗ್ ಮಾಡಿಸಿ. ಒಂದು ತಿಂಗಳ ಹಾಲಿನ ಚೀಟಿಯನ್ನೂ ಕರೆಂಟಿನ ಬಿಲ್ಲನ್ನೂ ಪಕ್ಕಪಕ್ಕ ಇಟ್ಟು ನೋಡಿ. ಆಮೇಲೂ ಫ್ಯಾನು ಬೇಕೆನಿಸಿದರೆ ಕೊಳ್ಳಿ. ಆಗ ಕೊಂಡ ಫ್ಯಾನು ನಿಮ್ಮ ಕೆಲಸ ಮಾಡುತ್ತದೆ, ತಗಡಿನ ಕೆಲಸವನ್ನಲ್ಲ.